ಅರೋಮಾಥೆರಪಿ ಪರೀಕ್ಷೆ ಕಟ್ಟಬೇಕಾ, ಬೇಡವಾ? ಕಟ್ಟುವುದಾದರೆ ಯಾವುದು?

ಅರೋಮಾಥೆರಪಿ, ಅಂದರೆ ಗಿಡಗಳಿಂದ ತೆಗೆದ ಸುಗಂಧ ಎಣ್ಣೆ ಬಳಸಿ ಮಾಡುವ ಆರೈಕೆ, ಕಲಿಯೋಣ ಅಂತ ಗೂಗಲ್‌ನಲ್ಲಿ ಹುಡುಕಲು ಕೂತರೆ ಅರ್ಧ ಗಂಟೆಯಲ್ಲಿ ತಲೆ ಕೆಡುತ್ತದೆ. ಒಂದು ಕಡೆ ಲಂಡನ್ ಹೆಸರಿನ ಡಿಪ್ಲೊಮಾ. ಇನ್ನೊಂದು ಕಡೆ ಒಂದು ಸಿನಿಮಾ ಟಿಕೆಟ್ಟಿನ ದುಡ್ಡಿಗೆ 'ಅಂತರರಾಷ್ಟ್ರೀಯ ಮಾನ್ಯತೆ' ಇರುವ ಆನ್‌ಲೈನ್ ಕೋರ್ಸು, ಅದೂ ಇವತ್ತು ರಾತ್ರಿ ಹನ್ನೆರಡರ ತನಕ ಮಾತ್ರ ಆಫರ್. ಇವೆರಡರ ನಡುವೆ ಅಮೆರಿಕದ ನೋಂದಣಿ ಪರೀಕ್ಷೆ, ಸ್ಪಾ ಡಿಪ್ಲೊಮಾ, ಸರ್ಕಾರಿ ಸಂಸ್ಥೆಗಳ ತರಬೇತಿ, ಎಣ್ಣೆ ಮಾರುವ ಕಂಪನಿಗಳೇ ಹಂಚುವ ಸರ್ಟಿಫಿಕೇಟು.

ಪಾರ್ಲರ್ ನಡೆಸುವವರು, ರೆಸಾರ್ಟ್ ಸ್ಪಾದಲ್ಲಿ ಕೆಲಸ ಮಾಡುವ ಹುಡುಗಿಯರು, ನರ್ಸಿಂಗ್ ಮುಗಿಸಿದವರು, ಮನೆಯಲ್ಲೇ ಸೋಪು ಮಾಡುವವರು, ಗಂಡನ ಕೆಲಸಕ್ಕೆಂದು ಹೊರದೇಶಕ್ಕೆ ಹೋದವರು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಯಾವುದು ಒಳ್ಳೇದು?" ಎಲ್ಲರಿಗೂ ಒಂದೇ ಉತ್ತರ ಕೊಡಲು ಆಗಲ್ಲ. ಆದರೆ ಯಾರಿಗೆ ಯಾವುದು, ಯಾಕೆ ಅಂತ ಹೇಳಬಹುದು. ಯಾರಿಗೆ ಯಾವುದೂ ಬೇಡ ಅಂತಲೂ ಹೇಳಬಹುದು.

ಮೊದಲು, ಪರೀಕ್ಷೆ ಬೇಕಾ ಬೇಡವಾ ಅನ್ನುವ ಜಗಳ ಯಾತಕ್ಕೆ?

ಭಾರತದಲ್ಲಿ ಅರೋಮಾಥೆರಪಿಸ್ಟ್ ಆಗಲು ಸರ್ಕಾರ ಕೊಡುವ ಲೈಸೆನ್ಸ್ ಅಂತ ಇಲ್ಲ. ಆಯುಷ್ ಪದ್ಧತಿಗಳ ಪಟ್ಟಿಯಲ್ಲಿ ಆಯುರ್ವೇದ, ಯೋಗ, ಪ್ರಕೃತಿ ಚಿಕಿತ್ಸೆ, ಯುನಾನಿ, ಸಿದ್ಧ, ಸೋವಾ ರಿಗ್ಪಾ, ಹೋಮಿಯೋಪತಿ ಇವೆ. ಅರೋಮಾಥೆರಪಿ ಅದರಲ್ಲಿಲ್ಲ. ಬ್ರಿಟನ್, ಅಮೆರಿಕದಲ್ಲೂ ಅಷ್ಟೇ. ಅಲ್ಲಿ ಇರುವುದೆಲ್ಲ ವೃತ್ತಿಯವರು ತಾವೇ ಕಟ್ಟಿಕೊಂಡ ಸಂಘಗಳು, ತಾವೇ ಇಟ್ಟುಕೊಂಡ ಪರೀಕ್ಷೆಗಳು. ಪಾಸಾಗದೆ ಕೆಲಸ ಮಾಡಿದರೆ ಪೊಲೀಸರು ಬರಲ್ಲ. ಪಾಸಾದರೆ ಕಾನೂನಿನ ಪ್ರಕಾರ ಹೊಸ ಅಧಿಕಾರವೂ ಸಿಗಲ್ಲ.

ಹಾಗಾದರೆ ಪರೀಕ್ಷೆ ಯಾಕೆ? ಅಮೆರಿಕದ ಕಥೆ ನೋಡಿ. ಅಲ್ಲಿ 1999ರಲ್ಲಿ ಅರೋಮಾಥೆರಪಿ ರಿಜಿಸ್ಟ್ರೇಷನ್ ಕೌನ್ಸಿಲ್ ಅಂತ ಒಂದು ಸಂಸ್ಥೆ ಹುಟ್ಟಿತು. ಅದನ್ನು ಎಆರ್‌ಸಿ ಅಂತ ಕರೆಯುತ್ತಾರೆ. ಇದು ಶಾಲೆ ನಡೆಸುವುದಿಲ್ಲ, ಕೋರ್ಸ್ ಮಾರುವುದಿಲ್ಲ, ಪರೀಕ್ಷೆ ಮಾತ್ರ ಇಡುತ್ತದೆ. ಪಾಸಾದವರ ಹೆಸರು ಪಟ್ಟಿಗೆ ಸೇರುತ್ತದೆ. ಅದರ ಪರ ಇದ್ದವರ ವಾದ ಸರಳ. ಪಾಠ ಹೇಳುವ ಶಾಲೆಯೇ ಪಾಸೂ ಮಾಡುತ್ತಿದ್ದರೆ ಫೀಸು ಕಟ್ಟಿದವರನ್ನು ಫೇಲ್ ಮಾಡುವುದು ಯಾರು? ಹೊರಗಿನವರು ಒಂದೇ ಅಳತೆಯಲ್ಲಿ ಎಲ್ಲರನ್ನೂ ಅಳೆಯಬೇಕು, ಆಗಲೇ ಜನಕ್ಕೂ ಆಸ್ಪತ್ರೆಗಳಿಗೂ ನಂಬಿಕೆ ಬರುತ್ತದೆ.

ವಿರೋಧಿಸಿದವರ ಮಾತಲ್ಲೂ ಹುರುಳಿತ್ತು. ಅದು ನಾಲ್ಕರಲ್ಲಿ ಒಂದು ಉತ್ತರ ಆರಿಸುವ ಪರೀಕ್ಷೆ. ಈ ವೃತ್ತಿ ನಡೆಯುವುದು ಮೂಗಿನ ಮೇಲೆ, ಕೈ ಮೇಲೆ, ಎದುರಿಗೆ ಕೂತವರ ಮಾತು ಕೇಳುವ ತಾಳ್ಮೆ ಮೇಲೆ. ಎಲ್‌ಎಲ್‌ಆರ್‌ಗೆ ಕಂಪ್ಯೂಟರ್ ಮುಂದೆ ಕೂತು ಸರಿಯಾದ ಗುಂಡಿ ಒತ್ತಿದವರಿಗೆಲ್ಲ ಆರ್‌ಟಿಒ ಮೈದಾನದಲ್ಲಿ ಬೈಕ್‌ನಿಂದ ಎಂಟು ಹಾಕಲು ಬರುತ್ತಾ? ಜೊತೆಗೆ ಫೀಸಿನ ಭಾರ, ಮತ್ತೆ ಮತ್ತೆ ನವೀಕರಣ. ಇನ್ನೊಂದು ತಕರಾರೂ ಇತ್ತು. ಬ್ರಿಟನ್ನಿನ ಪದ್ಧತಿ ಎಣ್ಣೆಯನ್ನು ತೆಳು ಮಾಡಿ ಮಸಾಜ್‌ಗೆ ಬಳಸುವುದು. ಫ್ರಾನ್ಸ್‌ನಲ್ಲಿ ವೈದ್ಯರ ಕೈಯಲ್ಲಿ ಬೆಳೆದ ಪದ್ಧತಿ ಬೇರೆ, ಅದರಲ್ಲಿ ಹೊಟ್ಟೆಗೆ ಕೊಡುವುದೂ ಉಂಟು. ಎರಡಕ್ಕೂ ಸೇರಿಸಿ ಒಂದೇ ಪ್ರಶ್ನೆಪತ್ರಿಕೆ ಮಾಡಿದರೆ ಯಾರ ಉತ್ತರ ಸರಿ?

ಇಲ್ಲಿ ನಾನು ಎರಡು ಕಡೆಗೂ ಪೂರ್ತಿ ಸೇರುವುದಿಲ್ಲ. ಹೊರಗಿನ ಪರೀಕ್ಷಕ ಬೇಕು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಆ ಪರೀಕ್ಷೆ ಪಾಸಾದರೆ ಚಿಕಿತ್ಸೆಯೇ ಸಾಬೀತಾದಂತೆ ಅಂತ ಕೆಲವರು ಹೇಳಿಕೊಳ್ಳುತ್ತಾರಲ್ಲ, ಅದನ್ನು ಒಪ್ಪಲ್ಲ. ಆಸ್ಟ್ರೇಲಿಯಾದಲ್ಲಿ ಏನಾಯಿತು ನೋಡಿ. ಅಲ್ಲಿ ಅರೋಮಾಥೆರಪಿಗೆ ಖಾಸಗಿ ಆರೋಗ್ಯ ವಿಮೆಯಲ್ಲಿ ದುಡ್ಡು ವಾಪಸ್ ಸಿಗುತ್ತಿತ್ತು. ಸರ್ಕಾರ ಪುರಾವೆ ಪರಿಶೀಲಿಸಿ, ಪ್ರಯೋಜನಕ್ಕೆ ಸ್ಪಷ್ಟ ಆಧಾರ ಇಲ್ಲ ಅಂತ 2019ರ ಏಪ್ರಿಲ್ 1ರಿಂದ ಅದನ್ನೂ ಇನ್ನೊಂದಷ್ಟು ಪದ್ಧತಿಗಳನ್ನೂ ವಿಮೆಯಿಂದ ಹೊರಗಿಟ್ಟಿತು. ಥೆರಪಿಸ್ಟ್‌ಗಳ ಬಳಿ ಡಿಪ್ಲೊಮಾ ಇರಲಿಲ್ಲ ಅಂತಲ್ಲ. ಪ್ರಶ್ನೆ ಥೆರಪಿಸ್ಟ್ ಬಗ್ಗೆ ಇರಲೇ ಇಲ್ಲ, ಥೆರಪಿ ಬಗ್ಗೆ ಇತ್ತು. ಮೆಲ್ಬರ್ನ್, ಸಿಡ್ನಿಯಲ್ಲಿರುವ ನಮ್ಮವರು ಕೋರ್ಸಿಗೆ ಸೇರುವ ಮುಂಚೆ ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. 'ವಿಮೆಯಿಂದ ಗ್ರಾಹಕರು ಬರುತ್ತಾರೆ' ಅನ್ನುವ ಹಳೇ ಲೆಕ್ಕಾಚಾರ ಈಗ ನಡೆಯಲ್ಲ.

ಯಾವುದರಿಂದ ಅಳೆಯಬೇಕು

ನಾನು ಎಲ್ಲಕ್ಕಿಂತ ಮೊದಲು ಕೇಳುವುದು, ಕೆಲಸ ಎಲ್ಲಿ ಮಾಡುತ್ತೀರಿ ಅಂತ. ಮೈಸೂರಿನ ಸ್ವಂತ ಪಾರ್ಲರ್‌ನಲ್ಲೋ, ದುಬೈ ಹೋಟೆಲಿನಲ್ಲೋ, ಇಂಗ್ಲೆಂಡಿನ ಹಾಸ್ಪಿಸ್‌ನಲ್ಲೋ (ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಜಾಗ)? ಸರ್ಟಿಫಿಕೇಟಿಗೆ ಬೆಲೆ ಕೊಡುವವರು ಅಲ್ಲಿ ಕೂತಿದ್ದಾರೆ, ಕೋರ್ಸ್ ಮಾರುವವರ ಆಫೀಸಲ್ಲಲ್ಲ. ಹಾಗಾಗಿ ಕೆಲಸದ ಜಾಗದಿಂದ ಹಿಂದಕ್ಕೆ ಬನ್ನಿ.

ಎರಡನೆಯದು, ಪರೀಕ್ಷಕ ಯಾರು. ಪಾಠ ಹೇಳಿದವರೇ ಮಾರ್ಕ್ಸ್ ಕೊಡುತ್ತಾರಾ, ಹೊರಗಿನಿಂದ ಬರುತ್ತಾರಾ?

ಮೂರನೆಯದಕ್ಕೆ ನನ್ನಲ್ಲಿ ಜಾಸ್ತಿ ತೂಕ. ಕೋರ್ಸಿನಲ್ಲಿ ಮೂಗಿಗೂ ಕೈಗೂ ಕೆಲಸ ಇದೆಯಾ? ಉದಾಹರಣೆಗೆ ಲ್ಯಾವೆಂಡರ್ ತೆಗೆದುಕೊಳ್ಳಿ. ಎರಡು ಕಾಗದದ ಪಟ್ಟಿ. ಒಂದಕ್ಕೆ ನಿಜವಾದ ಲ್ಯಾವೆಂಡರ್, ಇನ್ನೊಂದಕ್ಕೆ ಲ್ಯಾವೆಂಡಿನ್ ಅನ್ನುವ ಮಿಶ್ರ ತಳಿಯ ಎಣ್ಣೆ. ಎರಡನ್ನೂ 'ಲ್ಯಾವೆಂಡರ್ ಆಯಿಲ್' ಅಂತಲೇ ಮಾರುತ್ತಾರೆ. ಮೊದಲನೆಯದು ಮೆತ್ತಗೆ, ಸ್ವಲ್ಪ ಸಿಹಿ. ಎರಡನೆಯದರಲ್ಲಿ ಹಿಂದಿನಿಂದ ಕರ್ಪೂರದ ಘಾಟು ಬಂದು ಮೂಗಿಗೆ ಹೊಡೆಯುತ್ತದೆ. ಒಂದು ಹತ್ತು ನಿಮಿಷ ಬಿಟ್ಟು ಮತ್ತೆ ಮೂಸಿದರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಇದನ್ನು ಪಿಡಿಎಫ್‌ನಲ್ಲಿ ಕಲಿಸಲು ಆಗಲ್ಲ. ಜಪಾನಿನ ಅರೋಮಾ ಎನ್ವಿರಾನ್‌ಮೆಂಟ್ ಅಸೋಸಿಯೇಷನ್ ಸಾರ್ವಜನಿಕರಿಗಾಗಿ ನಡೆಸುವ ಪರೀಕ್ಷೆಯಲ್ಲಿ, ಕೇಂದ್ರಕ್ಕೆ ಹೋಗಿ ಬರೆಯುವ ಕಾಲದಲ್ಲಿ, ಮೂಸಿ ಎಣ್ಣೆ ಗುರುತಿಸುವ ಭಾಗವೂ ಇತ್ತು. ಅಷ್ಟಾದರೂ ಬೇಕು ಅಲ್ವಾ?

ನಾಲ್ಕನೆಯದು ಸುರಕ್ಷತೆ. ಈ ಎಣ್ಣೆಗಳು 'ನ್ಯಾಚುರಲ್, ಏನೂ ಆಗಲ್ಲ' ಅನ್ನುವ ಜಾತಿಯವಲ್ಲ. ಬರ್ಗಮಾಟ್ ಅನ್ನುವ ನಿಂಬೆ ಜಾತಿಯ ಹಣ್ಣಿನ ಸಿಪ್ಪೆ ಹಿಂಡಿ ತೆಗೆದ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳಬಹುದು. ತೊಳೆಯದೆ ಮೈಮೇಲೆ ಬಿಡುವ ಉತ್ಪನ್ನದಲ್ಲಿ ಅದಕ್ಕೆ ಸುಗಂಧ ಉದ್ಯಮದವರೇ ಇಟ್ಟುಕೊಂಡ ಮಿತಿ 0.4 ಪರ್ಸೆಂಟ್. ವಿಂಟರ್‌ಗ್ರೀನ್ ಎಣ್ಣೆಯಲ್ಲಿ ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್, ಆಸ್ಪಿರಿನ್ ಜಾತಿಯ ರಾಸಾಯನಿಕ. ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರ ಮಂಡಿಗೆ ಅದನ್ನು ಉಜ್ಜಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಪುಟ್ಟ ಮಕ್ಕಳಿಗೆ ನೆಗಡಿ ಆದರೆ ನೀಲಗಿರಿ ಎಣ್ಣೆಯನ್ನು ಮೂಗಿನ ಹತ್ತಿರವೇ ಹಚ್ಚುವುದು ನಮ್ಮಲ್ಲಿ ಮಾಮೂಲಿ. ಅದು ಉಸಿರಾಟಕ್ಕೇ ತೊಂದರೆ ಕೊಡಬಹುದು. ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರಬಹುದು. ಇಷ್ಟನ್ನು ಕಲಿಸದ ಕೋರ್ಸಿಗೆ ಎಷ್ಟೇ ದೊಡ್ಡ ಸೀಲು ಇದ್ದರೂ ಬೇಡ.

ಲೆಕ್ಕವೂ ಇದೇ ಪಾಠಕ್ಕೆ ಸೇರಿದ್ದು. 30 ಎಂಎಲ್ ಬಾದಾಮಿ ಎಣ್ಣೆಗೆ 2 ಪರ್ಸೆಂಟ್ ಸುಗಂಧ ಎಣ್ಣೆ ಅಂದರೆ 0.6 ಎಂಎಲ್. ಒಂದು ಎಂಎಲ್‌ಗೆ ಸುಮಾರು 20 ಹನಿ ಅಂತ ಹಿಡಿದರೆ 12 ಹನಿ. ಅದೇ ಬಾಟಲಿಗೆ ಬರ್ಗಮಾಟ್ 0.4 ಪರ್ಸೆಂಟ್ ಮಿತಿಯಲ್ಲಿ ಹಾಕಬೇಕು ಅಂದರೆ ಎರಡು ಹನಿ ಚಿಲ್ಲರೆ, ಅಷ್ಟೇ. ಡೆಮೊ ಕ್ಲಾಸಿಗೆ ಹೋದಾಗ ಈ ಲೆಕ್ಕ ಕೇಳಿ ನೋಡಿ. "ಅಂದಾಜಿನ ಮೇಲೆ ಹಾಕಿ ಮೇಡಂ" ಅಂದರೆ ಎದ್ದು ಬನ್ನಿ.

ಕೊನೆಗೆ ದುಡ್ಡು, ಸಮಯ, ಭಾಷೆ. ಫೀಸು ಅಂತ ಬ್ರೋಷರ್‌ನಲ್ಲಿ ಬರೆದಿರುವುದು ಪೂರ್ತಿ ಖರ್ಚಲ್ಲ. ಪರೀಕ್ಷೆ ಫೀಸು ಬೇರೆ, ಸಂಘದ ವಾರ್ಷಿಕ ಸದಸ್ಯತ್ವ ಬೇರೆ, ಎಣ್ಣೆಗಳ ಕಿಟ್ ಬೇರೆ. ಆ ಕಿಟ್ಟೇ ಹಲವರ ಬಜೆಟ್ ತಿಂದುಹಾಕುತ್ತದೆ. ಒಂದು ಕೇಜಿ ಗುಲಾಬಿ ಎಣ್ಣೆಗೆ ಮೂರೂವರೆಯಿಂದ ನಾಲ್ಕು ಟನ್ ಹೂವು ಬೇಕು, ಬೆಲೆ ಊಹಿಸಿಕೊಳ್ಳಿ. ನಮ್ಮ ಶ್ರೀಗಂಧದ ಎಣ್ಣೆಯೂ ಕೇಜಿಗೆ ಲಕ್ಷಗಟ್ಟಲೆ. ಕಿಟ್‌ನಲ್ಲಿ ಇವೆರಡೂ ಅಗ್ಗಕ್ಕೆ ಇವೆ ಅಂದರೆ ಬಾಟಲಿಯೊಳಗೆ ಇರುವುದು ಬೇರೇನೋ.

ಭಾಷೆಯ ವಿಷಯ ಯಾರೂ ಎತ್ತಲ್ಲ. ಇಲ್ಲಿನವರು ಕಟ್ಟುವ ದೊಡ್ಡ ಪರೀಕ್ಷೆಗಳೆಲ್ಲ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಗಿಡಗಳ ಹೆಸರು ಲ್ಯಾಟಿನ್‌ನಲ್ಲಿ. ಕನ್ನಡ ಮೀಡಿಯಂನವರು ಇದಕ್ಕೆ ಹೆದರಬೇಕಿಲ್ಲ, ಆದರೆ ಒಂದಷ್ಟು ತಿಂಗಳು ಜಾಸ್ತಿ ಇಟ್ಟುಕೊಳ್ಳಬೇಕು. ಲ್ಯಾಟಿನ್ ಹೆಸರು ಸುಮ್ನೆ ಶೋಕಿಗೆ ಇಟ್ಟಿದ್ದಲ್ಲ. ಸಿಂಬೊಪೋಗನ್ ಅನ್ನುವ ಒಂದೇ ಕುಲದಲ್ಲಿ ನಿಂಬೆಹುಲ್ಲು, ಸಿಟ್ರೊನೆಲ್ಲಾ, ಪಾಮರೋಸಾ ಮೂರೂ ಬರುತ್ತವೆ. ಮೂರರ ಎಣ್ಣೆಯೂ ಬೇರೆ, ಚರ್ಮಕ್ಕೆ ಉರಿಯುವ ಪ್ರಮಾಣವೂ ಬೇರೆ.

ಬ್ರಿಟನ್ನಿನ ಐಎಫ್‌ಎ, ಐಎಫ್‌ಪಿಎ

ಐಎಫ್‌ಎ ಅಂದರೆ ಇಂಟರ್‌ನ್ಯಾಷನಲ್ ಫೆಡರೇಷನ್ ಆಫ್ ಅರೋಮಾಥೆರಪಿಸ್ಟ್ಸ್. 1985ರಲ್ಲಿ ಶುರುವಾದದ್ದು, ಈ ಕ್ಷೇತ್ರದ ಹಳೇ ಹೆಸರುಗಳಲ್ಲಿ ಒಂದು. ಅಂಥದ್ದೇ ಇನ್ನೊಂದು ಸಂಘ ಐಎಫ್‌ಪಿಎ ಆಮೇಲೆ, 2002ರಲ್ಲಿ, ಹಳೇ ಸಂಘಗಳು ಒಂದಾಗಿ ಹುಟ್ಟಿದ್ದು. ಎರಡರ ದಾರಿಯೂ ಹೆಚ್ಚುಕಮ್ಮಿ ಒಂದೇ. ಮಾನ್ಯತೆ ಪಡೆದ ಶಾಲೆಯಲ್ಲಿ ದೀರ್ಘ ಕೋರ್ಸು, ಶರೀರ ರಚನೆಯ ಪಾಠ, ಮಸಾಜ್, ನಿಜವಾದ ಜನರ ಮೇಲೆ ಮಾಡಿದ ಕೇಸ್ ಸ್ಟಡಿಗಳು, ಕೊನೆಗೆ ಬರವಣಿಗೆಯ ಪರೀಕ್ಷೆಯೂ ಪ್ರಾಕ್ಟಿಕಲ್ಲೂ.

ನನ್ನ ಮಟ್ಟಿಗೆ ಈ ದಾರಿಯ ಬೆಲೆ ಇರುವುದು ಕೇಸ್ ಸ್ಟಡಿಯಲ್ಲಿ. ಒಬ್ಬರನ್ನೇ ಹಲವು ಸಲ ಕರೆಸಬೇಕು. ಮೊದಲ ಭೇಟಿಯಲ್ಲೇ ಆಸ್ತಮಾ ಇದೆಯಾ, ಗರ್ಭಿಣಿಯಾ, ಫಿಟ್ಸ್ ಇದೆಯಾ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಅಂತ ಫಾರಂ ತುಂಬಿಸಬೇಕು. ಯಾವ ಎಣ್ಣೆ, ಎಷ್ಟು ಹನಿ, ಯಾಕೆ, ಮುಂದಿನ ಸಲ ಏನು ಬದಲಾಯಿಸಿದಿರಿ ಅಂತ ಬರೆಯಬೇಕು. ಬೇಜಾರಿನ ಕೆಲಸ. ಆದರೆ 'ತಲೆನೋವಿಗೆ ಪೆಪ್ಪರ್‌ಮಿಂಟ್, ನಿದ್ದೆಗೆ ಲ್ಯಾವೆಂಡರ್' ಅನ್ನುವ ಬಾಯಿಪಾಠ ಬಿಟ್ಟು ಎದುರಿಗಿರುವ ಮನುಷ್ಯರನ್ನು ನೋಡಲು ಕಲಿಯುವುದು ಇದರಿಂದಲೇ.

ಯಾರಿಗೆ ಸರಿ? ಬ್ರಿಟನ್‌ನಲ್ಲಿ ಕೆಲಸ ಮಾಡುವವರಿಗೆ ಖಂಡಿತ. ಅಲ್ಲಿ 2008ರಲ್ಲಿ ಬಂದ ಸಿಎನ್‌ಎಚ್‌ಸಿ ಅನ್ನುವ ಸ್ವಯಂಪ್ರೇರಿತ ನೋಂದಣಿ ಮಂಡಳಿ ಅರೋಮಾಥೆರಪಿಸ್ಟ್‌ಗಳನ್ನು ಪಟ್ಟಿ ಮಾಡುತ್ತದೆ. ಸಂಘದ ಸದಸ್ಯತ್ವ ಇದ್ದರೆ ವೃತ್ತಿ ವಿಮೆ ಸಿಗುವುದು ಸುಲಭ. ಹಾಸ್ಪಿಸ್‌ಗಳು ಕೇಳುವುದೂ ಇಂಥದ್ದನ್ನೇ. ಬರ್ಮಿಂಗ್‌ಹ್ಯಾಮ್‌ನಲ್ಲೋ ಲಂಡನ್ನಿನ ಹೊರವಲಯದಲ್ಲೋ ನೆಲೆಸಿರುವ ಕನ್ನಡಿಗರಿಗೆ ಬೇರೆ ಯೋಚನೆಯೇ ಬೇಡ.

ಬೆಂಗಳೂರಲ್ಲೇ ಇರುವವರಿಗೆ? ಇಲ್ಲಿನ ಗ್ರಾಹಕರು ಐಎಫ್‌ಎ ಹೆಸರು ಕೇಳಿರುವುದೇ ಕಮ್ಮಿ. ನೀವು ಮುಂದೆ ಪಾಠ ಹೇಳುವ ಯೋಚನೆ ಇಟ್ಟುಕೊಂಡಿದ್ದರೆ, ಅಥವಾ ದೊಡ್ಡ ವೆಲ್‌ನೆಸ್ ರಿಟ್ರೀಟ್‌ನಲ್ಲಿ ಹಿರಿಯ ಥೆರಪಿಸ್ಟ್ ಆಗಬೇಕು ಅಂದರೆ ಖರ್ಚಿಗೆ ಅರ್ಥ ಇದೆ. ಬಡಾವಣೆಯ ಪಾರ್ಲರಿಗೆ ಇದು ಭಾರ. ಆ ದುಡ್ಡಲ್ಲಿ ಒಳ್ಳೇ ಮಸಾಜ್ ಟೇಬಲ್ಲೂ ಶುದ್ಧ ಎಣ್ಣೆಗಳೂ ಬರುತ್ತವೆ, ಮಿಕ್ಕಿದ್ದರಲ್ಲಿ ಸಣ್ಣ ಕೋರ್ಸೂ ಆಗುತ್ತದೆ.

ಸ್ಪಾ ದಾರಿ: ಐಟೆಕ್, ಸಿಬ್‌ಟ್ಯಾಕ್, ಸಿಡೆಸ್ಕೊ

ಇವು ಅರೋಮಾಥೆರಪಿಗೆ ಮಾತ್ರ ಮೀಸಲಾದವಲ್ಲ. ಸೌಂದರ್ಯ, ಸ್ಪಾ ಕ್ಷೇತ್ರದ ಪರೀಕ್ಷಾ ಸಂಸ್ಥೆಗಳು. ಸಿಡೆಸ್ಕೊ 1946ರದ್ದು, ಐಟೆಕ್ 1947ರದ್ದು, ಸಿಬ್‌ಟ್ಯಾಕ್ 1977ರದ್ದು. ಐಟೆಕ್ ಈಗ ಬ್ರಿಟನ್ನಿನ ವಿಟಿಸಿಟಿ ಅನ್ನುವ ಪರೀಕ್ಷಾ ಸಂಸ್ಥೆ ಜೊತೆ ಸೇರಿದೆ. ಬೆಂಗಳೂರು, ಮುಂಬೈ ಥರದ ಊರುಗಳಲ್ಲಿ ಇವುಗಳ ಮಾನ್ಯತೆ ಇರುವ ಬ್ಯೂಟಿ ಅಕಾಡೆಮಿಗಳಿವೆ, ಹಾಗಾಗಿ ವೀಸಾ, ವಿಮಾನದ ರಗಳೆ ಇಲ್ಲ.

ಗಲ್ಫ್ ಹೋಟೆಲ್, ಕ್ರೂಸ್ ಹಡಗು, ಮಾಲ್ಡೀವ್ಸ್ ರೆಸಾರ್ಟ್ ಅಂತ ಕನಸಿರುವ ಹುಡುಗ ಹುಡುಗಿಯರು ಈ ಕಡೆ ನೋಡಿ. ಆ ಕಡೆಯ ಎಚ್‌ಆರ್‌ಗಳಿಗೆ ಈ ಹೆಸರುಗಳು ಪರಿಚಯ. ಅವರಿಗೆ ಬೇಕಾಗಿರುವುದು ಸ್ವೀಡಿಷ್ ಮಸಾಜ್, ಫೇಷಿಯಲ್, ಅರೋಮಾ ಮಸಾಜ್ ಎಲ್ಲ ಮಾಡಬಲ್ಲ ಒಬ್ಬರು. ಅರೋಮಾಥೆರಪಿ ಒಂದನ್ನೇ ಮಾಡುವ ತಜ್ಞರು ಅವರಿಗೆ ಬೇಕಿಲ್ಲ.

ಕಳೆದುಕೊಳ್ಳುವುದು ಆಳವನ್ನು. ಎಣ್ಣೆಗಳ ರಸಾಯನಶಾಸ್ತ್ರ, ರೋಗಿಗಳ ಜೊತೆ ಕೆಲಸ ಇವೆಲ್ಲ ಇಲ್ಲಿ ಮೇಲೆ ಮೇಲೆ. ಮಸಾಜ್ ಕೈ ಮಾತ್ರ ಚೆನ್ನಾಗಿ ಪಳಗುತ್ತದೆ. ಮೂರು ನಾಲ್ಕು ವರ್ಷ ದುಡಿದು ದುಡ್ಡು ಕೂಡಿಟ್ಟು ಆಮೇಲೆ ಆಳಕ್ಕೆ ಹೋಗುತ್ತೇನೆ ಅನ್ನುವವರಿಗೆ ಇದಕ್ಕಿಂತ ಒಳ್ಳೇ ಮೆಟ್ಟಿಲು ಇಲ್ಲ ಅಂತ ನನಗನ್ನಿಸುತ್ತದೆ.

ಅಮೆರಿಕದ ದಾರಿ

ಅಲ್ಲಿ ಎರಡು ಹಂತ. ಮೊದಲು ನಾಹಾ ಅಥವಾ ಎಐಎ ಅನ್ನುವ ಸಂಘದ ಮಾನ್ಯತೆ ಇರುವ ಶಾಲೆಯಲ್ಲಿ ಕೋರ್ಸು. ನಾಹಾ ಅನ್ನುವ ರಾಷ್ಟ್ರೀಯ ಸಂಘ 1990ರಲ್ಲಿ, ಎಐಎ 2006ರಲ್ಲಿ ಶುರುವಾದವು. ವೃತ್ತಿ ಮಟ್ಟಕ್ಕೆ 200 ಗಂಟೆ ಅನ್ನುವುದು ಅಲ್ಲಿ ಬಳಕೆಯಲ್ಲಿರುವ ಅಳತೆ. ಆಮೇಲೆ ಬೇಕಾದವರು ಎಆರ್‌ಸಿ ಪರೀಕ್ಷೆ ಬರೆದು ನೋಂದಣಿ ಪಡೆಯುತ್ತಾರೆ. ಅದನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು.

ಕೋರ್ಸಿನ ಬಹುಪಾಲು ಆನ್‌ಲೈನ್‌ನಲ್ಲೇ ಮಾಡಬಹುದಾದ ಶಾಲೆಗಳಿವೆ. ಅದು ಅನುಕೂಲ, ಅದೇ ದೌರ್ಬಲ್ಯ ಕೂಡ. ಎಣ್ಣೆಗಳನ್ನು ಸ್ವಂತ ಖರ್ಚಲ್ಲಿ ತರಿಸಿ ಮೂಸಬೇಕು. ಪಕ್ಕದಲ್ಲಿ ಕೂತು "ಇಲ್ಲ, ಇದು ಹಳಸಿದೆ" ಅಂತ ಹೇಳುವವರು ಇರಲ್ಲ. ನಿಂಬೆ, ಕಿತ್ತಳೆ ಎಣ್ಣೆಗಳು ಗಾಳಿ ತಾಗಿ ಹಳತಾದರೆ ಚರ್ಮದ ಅಲರ್ಜಿಗೆ ಕಾರಣವಾಗುತ್ತವೆ. ಹಳಸಿದ ವಾಸನೆ ಮೂಗಿಗೆ ಗೊತ್ತಾಗಬೇಕು, ಪುಸ್ತಕಕ್ಕೆ ಗೊತ್ತಾದರೆ ಸಾಲದು.

ಅಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ ಎರಡು ಮಾತು. ಒಂದು, ಅರೋಮಾಥೆರಪಿ ನೋಂದಣಿ ಇದ್ದ ಮಾತ್ರಕ್ಕೆ ಮಸಾಜ್ ಮಾಡುವ ಹಕ್ಕು ಬರಲ್ಲ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಮಸಾಜ್‌ಗೆ ಬೇರೆಯೇ ಲೈಸೆನ್ಸ್ ಬೇಕು. ಅದಕ್ಕೆ ಬೇರೆ ಓದು, ಬೇರೆ ಪರೀಕ್ಷೆ. ಎರಡು, ಗಂಡನ ಕೆಲಸದ ವೀಸಾ ಆಧಾರದ ಮೇಲೆ ಸಿಗುವ ಎಚ್-4 ವೀಸಾದಲ್ಲಿರುವವರು ಕೆಲಸದ ಅನುಮತಿ ಕೈಗೆ ಬರದೆ ದುಡ್ಡು ತೆಗೆದುಕೊಂಡು ಪ್ರಾಕ್ಟೀಸ್ ಮಾಡುವ ಹಾಗಿಲ್ಲ. ಕಲಿಯಲು ಅಡ್ಡಿ ಇಲ್ಲ, ಸಂಪಾದನೆಗೆ ಅಡ್ಡಿ. ಕೋರ್ಸು ಮುಗಿಯುವ ಹೊತ್ತಿಗೆ ಅನುಮತಿ ಬರುತ್ತದಾ ನೋಡಿಕೊಂಡು ದುಡ್ಡು ಹಾಕಿ.

ಎಆರ್‌ಸಿ ಪರೀಕ್ಷೆಯೇ ಬೇಕಾ ಅಂದರೆ, ಆಸ್ಪತ್ರೆ ಅಥವಾ ಕ್ಲಿನಿಕ್ ಜೊತೆ ಕೆಲಸ ಮಾಡುವ ಆಸೆ ಇದ್ದರೆ ಬರೆಯಿರಿ. ಹೊರಗಿನ ಪರೀಕ್ಷೆ ಪಾಸಾಗಿದ್ದೀರಿ ಅನ್ನುವುದಕ್ಕೆ ಅಲ್ಲಿ ತೂಕ ಬರುತ್ತದೆ. ಮನೆಯಿಂದ ಸೋಪು, ಮೇಣದಬತ್ತಿ ಮಾರುವವರಿಗೆ ಅದರ ಅಗತ್ಯ ಕಾಣಲ್ಲ. ಭಾರತದಲ್ಲಿದ್ದುಕೊಂಡು ಬರೆಯುವುದು ನನ್ನ ಪ್ರಕಾರ ದಂಡ. ಡಾಲರ್ ಕಟ್ಟಿ, ಐದು ವರ್ಷಕ್ಕೆ ಮತ್ತೆ ಡಾಲರ್ ಕಟ್ಟಿ, ಇಲ್ಲಿ ಕೇಳುವವರೇ ಇಲ್ಲದ ಅಕ್ಷರಗಳನ್ನು ಹೆಸರಿನ ಮುಂದೆ ಇಟ್ಟುಕೊಂಡು ಏನು ಮಾಡುವುದು?

ನಮ್ಮ ದೇಶದ ಸಂಸ್ಥೆಗಳು

ಉತ್ತರ ಪ್ರದೇಶದ ಕನ್ನೌಜ್ ಅತ್ತರಿನ ಊರು. ಅಲ್ಲಿ 1991ರಲ್ಲಿ ಕೇಂದ್ರ ಸರ್ಕಾರ ಸುಗಂಧ ಮತ್ತು ಸುವಾಸನೆ ಅಭಿವೃದ್ಧಿ ಕೇಂದ್ರ ತೆರೆಯಿತು. ಎಫ್‌ಎಫ್‌ಡಿಸಿ ಅಂದರೆ ಎಲ್ಲರಿಗೂ ಗೊತ್ತು. ಅದು ಅರೋಮಾಥೆರಪಿ, ಪರ್ಫ್ಯೂಮ್ ತಯಾರಿ, ಎಣ್ಣೆ ಇಳಿಸುವುದರ ಬಗ್ಗೆ ಸಣ್ಣ ಸಣ್ಣ ತರಬೇತಿ ಕೊಡುತ್ತದೆ. ಲಕ್ನೋದ ಸಿಮ್ಯಾಪ್ ಅನ್ನುವ ಸರ್ಕಾರಿ ಸಂಶೋಧನಾ ಸಂಸ್ಥೆಗೆ ನಮ್ಮ ಬೆಂಗಳೂರಿನ ಅಳ್ಳಾಳಸಂದ್ರದಲ್ಲೇ ಸಂಶೋಧನಾ ಕೇಂದ್ರ ಇದೆ. ಸುಗಂಧ ಬೆಳೆ, ಬಟ್ಟಿ ಇಳಿಸುವುದು, ಗುಣಮಟ್ಟ ಪರೀಕ್ಷೆ ಇವೆಲ್ಲ ಅವರ ಕ್ಷೇತ್ರ.

ಇವು ನಿಮ್ಮನ್ನು ಥೆರಪಿಸ್ಟ್ ಮಾಡಲ್ಲ. ಕೇಸ್ ಸ್ಟಡಿ, ಮಸಾಜ್, ಗ್ರಾಹಕರ ಜೊತೆ ಮಾತು, ಇವು ಅಲ್ಲಿನ ಮುಖ್ಯ ಪಾಠ ಅಲ್ಲ. ಆದರೆ ಎಣ್ಣೆ ಎಲ್ಲಿಂದ ಬರುತ್ತದೆ, ಕಲಬೆರಕೆ ಹೇಗೆ ಮಾಡುತ್ತಾರೆ, ಎಣ್ಣೆಯಲ್ಲಿ ಏನೇನು ಎಷ್ಟೆಷ್ಟಿದೆ ಅಂತ ತೋರಿಸುವ ಜಿಸಿ ರಿಪೋರ್ಟ್ ಅಂದರೇನು ಅಂತ ತಿಳಿಯಲು ಇಂಥ ಕಡೆ ಹೋಗಬೇಕು. ದವನ ಬೆಳೆಯುವ, ಲಾವಂಚ, ನಿಂಬೆಹುಲ್ಲು ಹಾಕುವ ರೈತರ ಮನೆಯವರು, ಸ್ವಂತ ಬ್ರ್ಯಾಂಡ್ ಮಾಡಬೇಕು ಅನ್ನುವವರು ಲಂಡನ್ ಡಿಪ್ಲೊಮಾ ಬಿಟ್ಟು ಮೊದಲು ಇಲ್ಲಿಗೆ ಹೋಗಿ. ಶ್ರೀಗಂಧದ ಎಣ್ಣೆಗೆ ಐಎಸ್‌ಒ ಮಾನದಂಡ ಇದೆ, ಅದರ ಪ್ರಕಾರ ಎಣ್ಣೆಯ ಮುಖ್ಯ ಅಂಶವಾದ ಸ್ಯಾಂಟಲಾಲ್ ಒಂದು ಮಟ್ಟಕ್ಕಿಂತ ಕಮ್ಮಿ ಇರುವ ಹಾಗಿಲ್ಲ ಅಂತ ಗೊತ್ತಿರುವವರಿಗೆ ಪ್ರವಾಸಿಗರ ಅಂಗಡಿಯ ಅಗ್ಗದ ಬಾಟಲಿ ಕಂಡರೆ ನಗು ಬರುತ್ತದೆ.

ಬ್ರ್ಯಾಂಡ್ ಮಾಡುವವರಿಗೆ ಇನ್ನೊಂದು ವಿಷಯ. ಯಾವ ಅರೋಮಾಥೆರಪಿ ಪರೀಕ್ಷೆ ಪಾಸಾಗಿದ್ದರೂ, ಕ್ರೀಮು ಎಣ್ಣೆ ಇತ್ಯಾದಿ ಸೌಂದರ್ಯವರ್ಧಕ ತಯಾರಿಸಿ ಮಾರಲು 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಿಕಾ ಲೈಸೆನ್ಸ್ ಬೇಕು.

ಸ್ಪಾ ಕೆಲಸಕ್ಕೆ ಸೇರುವವರಿಗೆ ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನ ಸ್ಪಾ ಥೆರಪಿಸ್ಟ್ ಸರ್ಟಿಫಿಕೇಟ್ ಇದೆ. ಖರ್ಚು ಕಮ್ಮಿ, ಸರ್ಕಾರಿ ಯೋಜನೆಯಲ್ಲಿ ಸಿಕ್ಕರೆ ಉಚಿತವೂ ಆಗಬಹುದು. ಇಲ್ಲಿ ತರಬೇತಿ ಕೊಡುವವರೇ ಮೌಲ್ಯಮಾಪನ ಮಾಡಲ್ಲ, ಹೊರಗಿನವರು ಬರುತ್ತಾರೆ. ಅರೋಮಾ ಭಾಗ ಚಿಕ್ಕದು. ಪಿಯುಸಿ ಮುಗಿಸಿ ಮನೆಗೆ ಬೇಗ ಸಂಬಳ ತರಬೇಕಾದವರಿಗೆ ಇದೇ ಮೊದಲ ಹೆಜ್ಜೆ.

ಆನ್‌ಲೈನ್ ಬ್ಯಾಡ್ಜು, ಕಂಪನಿ ಸರ್ಟಿಫಿಕೇಟು

ಮನೆ ಮಟ್ಟಿಗೆ, ಕುತೂಹಲಕ್ಕೆ ಅಂದರೆ ಅಗ್ಗದ ಆನ್‌ಲೈನ್ ಕೋರ್ಸ್ ಮಾಡಿ, ನಷ್ಟವೇನಿಲ್ಲ. ಬೋರ್ಡಿಗೆ ಹಾಕಿಕೊಳ್ಳಬೇಡಿ.

ಎಣ್ಣೆ ಮಾರುವ ಕಂಪನಿಯೇ ಕೊಡುವ ಸರ್ಟಿಫಿಕೇಟಿನ ಬಗ್ಗೆ ಮಾತ್ರ ನನಗೆ ಸ್ವಲ್ಪವೂ ಮೆದು ಧೋರಣೆ ಇಲ್ಲ. ಮಾರಾಟ ಜಾಸ್ತಿ ಆದಷ್ಟೂ ಅವರಿಗೆ ಲಾಭ. ಅವರು 'ಇಷ್ಟು ಸಾಕು, ಇದು ಬೇಡ' ಅಂತ ಕಲಿಸುವುದು ಹೇಗೆ? 2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಡೊಟೆರಾ ಮತ್ತು ಯಂಗ್ ಲಿವಿಂಗ್ ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತು. ಅವುಗಳ ಎಣ್ಣೆ ಮಾರುವ ಪ್ರತಿನಿಧಿಗಳು ಎಬೋಲಾಕ್ಕೂ ಎಣ್ಣೆ ಒಳ್ಳೇದು ಅಂತ ಪ್ರಚಾರ ಮಾಡುತ್ತಿದ್ದರು. ನಮ್ಮಲ್ಲೂ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಇದೆ. ಶುಗರ್, ಬಿಪಿ, ಕ್ಯಾನ್ಸರ್, ಬೊಜ್ಜು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದು ಅಪರಾಧ. ವಾಟ್ಸಾಪ್ ಸ್ಟೇಟಸ್ ಅಲ್ವಾ ಅಂತ ಉಡಾಫೆ ಬೇಡ.

ಈಗಾಗಲೇ ಬೇರೆ ಓದು ಇರುವವರು

ಬಿಎನ್‌ವೈಎಸ್ ಮಾಡಿದ ಪ್ರಕೃತಿ ಚಿಕಿತ್ಸಾ ವೈದ್ಯರು, ಫಿಸಿಯೊಥೆರಪಿಸ್ಟ್‌ಗಳು, ನರ್ಸ್‌ಗಳು ಬಂದು ದೊಡ್ಡ ಡಿಪ್ಲೊಮಾ ಕೇಳುತ್ತಾರೆ. ನಿಮಗೆ ಬೇಡ. ಶರೀರ ರಚನೆ, ರೋಗ, ಔಷಧ ಎಲ್ಲ ಆಗಲೇ ಓದಿದ್ದೀರಿ. ಆ ಕೋರ್ಸುಗಳ ದೊಡ್ಡ ಭಾಗ ನಿಮಗೆ ಪುನರಾವರ್ತನೆ. ನಿಮ್ಮ ಕೈಲಿರುವ ಪದವಿ, ನೋಂದಣಿಗೆ ಕಾನೂನಿನ ಬೆಲೆ ಇದೆ, ಅರೋಮಾಥೆರಪಿ ಸರ್ಟಿಫಿಕೇಟಿಗೆ ಇಲ್ಲ. ಎಣ್ಣೆಗಳ ರಸಾಯನಶಾಸ್ತ್ರ, ಸುರಕ್ಷತೆ, ಮಿಶ್ರಣ ಇವಿಷ್ಟನ್ನು ಕೈಯಾರೆ ಕಲಿಸುವ ಸಣ್ಣ ಕೋರ್ಸು ಸಾಕು. ಆಸ್ಪತ್ರೆಯಲ್ಲಿ ಬಳಸುವುದಾದರೆ ಅಲ್ಲಿನ ವೈದ್ಯರ ಒಪ್ಪಿಗೆ ಬೇಕು, ಅದನ್ನು ಯಾವ ಸಂಘವೂ ಕೊಡಲ್ಲ.

ಇದೇ ಮಾತಿನ ಇನ್ನೊಂದು ಮುಖ: ಡಿಪ್ಲೊಮಾ ಮಾಡಿದವರು ಹೆಸರಿನ ಹಿಂದೆ 'ಡಾ.' ಹಾಕಿಕೊಳ್ಳುವ ಹಾಗಿಲ್ಲ.

ಬಜೆಟ್ ನೋಡಿ ಹೇಳಿ ಅಂದರೆ

ಕೈಯಲ್ಲಿ ಹತ್ತಿಪ್ಪತ್ತು ಸಾವಿರ ಇದ್ದರೆ ಸ್ಕಿಲ್ ಕೌನ್ಸಿಲ್ ದಾರಿ, ಅದರ ಜೊತೆಗೆ ಹತ್ತೇ ಹತ್ತು ಶುದ್ಧ ಎಣ್ಣೆ ತಂದು ಮೂಸಿ ಮೂಸಿ ಕಲಿಯಿರಿ. ಸ್ವಲ್ಪ ಹೆಚ್ಚಿದ್ದರೆ ಕನ್ನೌಜ್‌ಗೆ ಒಂದು ಪ್ರಯಾಣ ಸೇರಿಸಿ. ಸಾಲ ಮಾಡಬೇಕಾಗಿ ಬಂದರೆ ಹೊರದೇಶದ ಕೆಲಸ ಹೆಚ್ಚುಕಮ್ಮಿ ಗಟ್ಟಿ ಇದ್ದಾಗ ಮಾತ್ರ ಮಾಡಿ, ಅದೂ ಸ್ಪಾ ಡಿಪ್ಲೊಮಾಕ್ಕೆ. ಐಎಫ್‌ಎ ಥರದ್ದಕ್ಕೆ ಸಾಲ ಮಾಡಿ ಊರಲ್ಲೇ ಕೂತರೆ ಕಂತು ತೀರಿಸುವುದು ಕಷ್ಟ.

ಸೇರುವ ಮುಂಚೆ ಅಕಾಡೆಮಿಗೆ ಫೋನ್ ಮಾಡಿ ಇಷ್ಟು ಕೇಳಿ. ಪರೀಕ್ಷಕರು ಹೊರಗಿನವರಾ? ಎಷ್ಟು ಕೇಸ್ ಸ್ಟಡಿ ಮಾಡಿಸುತ್ತೀರಿ? ನಿಮ್ಮ ಮಾನ್ಯತೆ ಸಂಖ್ಯೆ ಎಷ್ಟು? ಆ ಸಂಖ್ಯೆಯನ್ನು ಮೂಲ ಸಂಸ್ಥೆಗೆ ನೀವೇ ಇಮೇಲ್ ಮಾಡಿ ಖಚಿತ ಮಾಡಿಕೊಳ್ಳಿ, ಗೋಡೆಗೆ ನೇತುಹಾಕಿದ ಫ್ರೇಮ್ ನಂಬಬೇಡಿ. ಎಣ್ಣೆಗಳಿಗೆ ಟೆಸ್ಟ್ ರಿಪೋರ್ಟ್ ತೋರಿಸುತ್ತೀರಾ? ಕಳೆದ ಬ್ಯಾಚಿನಲ್ಲಿ ಯಾರಾದರೂ ಫೇಲ್ ಆಗಿದ್ದಾರಾ? ಈ ಕೊನೆ ಪ್ರಶ್ನೆಗೆ "ನಮ್ಮಲ್ಲಿ ನೂರಕ್ಕೆ ನೂರು ಪಾಸ್" ಅಂತ ಹೆಮ್ಮೆಯಿಂದ ಹೇಳಿದರೆ ಸಂಶಯ ಪಡಿ. ಪಾಸಾದ ಹಳೇ ವಿದ್ಯಾರ್ಥಿ ಒಬ್ಬರ ಜೊತೆ ಮಾತಾಡಿಸಿ ಅನ್ನಿ. ಅವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ, ಕೆಲಸ ಕೊಟ್ಟವರು ಆ ಸರ್ಟಿಫಿಕೇಟ್ ನೋಡಿದರಾ ಅಂತ ಕೇಳಿ. ಮಾತಾಡಿಸಲು ಹಿಂದೆಮುಂದೆ ನೋಡಿದರೆ ಅಡ್ವಾನ್ಸ್ ಕಟ್ಟಬೇಡಿ.